ಹತ್ತಿಕಾಳೆಣ್ಣೆಯ ಮಿರ್ಚಿ

“ತಿನ್ನೂಕಿಂತ ಮದ್ಲ ಕೇಳ್ರಿ, ಇದು ಹತ್ತಿಕಾಳ ಎಣ್ಣಿ ಐತಿ” ಎಂದಳು ಹುಲುಗಮ್ಮ. ಮಿರ್ಚಿಗೆ ಚಾಚಿದ್ದ ಗಿರಾಕಿಯ ಕೈ ಅಲ್ಲೇ ನಿಂತಿತು. ಹರಪನಹಳ್ಳಿ ಬಸ್ಸಿಗೆ ಕಾದಿದ್ದ ಆತ ಮಿರ್ಚಿಯನ್ನೂ ಆಕೆಯ ಮುಖವನ್ನೂ ಒಮ್ಮೆ ನೋಡಿ, ಪಕ್ಕದ ಹೋಟೆಲಿನ ಮೆಟ್ಟಿಲು ಹತ್ತಿದ.

ಗಂಡ ತೀರಿಕೊಂಡ ವರ್ಷದಿಂದ ಹುಲುಗಮ್ಮ ಕೊಟ್ಟೂರು ಬಸ್ ನಿಲ್ದಾಣದ ಎದುರು, ಹಾಲೇಶಪ್ಪನ ಹೋಟೆಲಿನ ಗೋಡೆಗೆ ಒಲೆ ಹೂಡಿಕೊಂಡು ಮಿರ್ಚಿ ಕರಿಯುತ್ತಿದ್ದಳು. ಅಷ್ಟೂ ಕಾಲ ಶೇಂಗಾ ಎಣ್ಣೆಯೇ. ೧೯೮೦ರ ಬೇಸಿಗೆಯಲ್ಲಿ ಅದು ಕೈಗೆಟುಕದಷ್ಟು ತುಟ್ಟಿಯಾಯಿತು. ಮಿರ್ಚಿಯ ಬೆಲೆ ಏರಿಸಿದರೆ ಹಮಾಲರು, ಕೂಲಿಯವರು ಬರೀ ಮಂಡಕ್ಕಿ ತಿಂದು ಎದ್ದು ಹೋದರು. ಸುತ್ತಲಿನ ಹೋಟೆಲುಗಳು ಸದ್ದಿಲ್ಲದೆ ಅಗ್ಗದ ಹತ್ತಿಕಾಳೆಣ್ಣೆ ಬೆರೆಸತೊಡಗಿದವು. ಹಾಲೇಶಪ್ಪನ ಗೋಡೆಯ ಮೇಲಿನ ‘ಶುದ್ಧ ಶೇಂಗಾ ಎಣ್ಣೆ’ ಎಂಬ ಬರಹ ಮಾತ್ರ ಹಾಗೇ ಇತ್ತು. ಹುಲುಗಮ್ಮನೂ ಎಣ್ಣೆ ಬದಲಿಸಿದಳು. ಆದರೆ ಹೇಳಿ ಮಾರಿದಳು.

ಮೊದಮೊದಲು ಕಲಸಿದ ಹಿಟ್ಟು ಹಾಗೇ ಉಳಿಯಿತು. ಆಮೇಲೆ ಜನ ತಿಂದು ನೋಡಿದರು, ಬೆಲೆಯೂ ಹಳೆಯದೇ ಇತ್ತು. ಬರಬರುತ್ತ ಅವರೇ ಹಾಲೇಶಪ್ಪನ ಹೋಟೆಲಿನಲ್ಲಿ ಕೂತು, ನಿಮ್ಮದು ಯಾವ ಎಣ್ಣೆ ಎಂದು ಕೇಳತೊಡಗಿದರು.

ಒಂದು ಮಧ್ಯಾಹ್ನ ಹಾಲೇಶಪ್ಪ ಆಕೆಯ ಒಲೆಯ ಬಳಿ ಬಂದ. ಮೊದಲು ಮೆತ್ತಗೇ ಮಾತಾಡಿದ. ಯಾರೂ ಕೇಳದಿರುವಾಗ ಎಣ್ಣೆಯ ಹೆಸರು ಯಾಕೆ ಎತ್ತಬೇಕು, ಸುಮ್ಮನೆ ಕರಿದು ಮಾರಿದರೆ ಇಬ್ಬರ ಹೊಟ್ಟೆಯೂ ತುಂಬುತ್ತದೆ ಎಂದ. ಹುಲುಗಮ್ಮ ಬಾಣಲೆಯಲ್ಲಿ ಮಿರ್ಚಿ ತಿರುವುತ್ತ ಕೇಳಿಸಿಕೊಂಡಳು.

“ನನ್ನ ಗ್ವಾಡಿಗೆ ಕುಂತು ನನ್ನ ಗಿರಾಕಿ ಕೆಡಸಬ್ಯಾಡ” ಎಂದ ಅವನು, ಈಗ ದನಿ ಗಡುಸಾಗಿತ್ತು.

“ನಿಮ್ಮ ಎಣ್ಣಿ ಸುದ್ದಿ ನಾನು ಎತ್ತಿಲ್ರಿ ಸಾವ್ಕಾರ್ರ. ನಂದು ನಾನು ಹೇಳ್ತೀನಿ. ತಿನ್ನೋರಿಗೆ ಗೊತ್ತಿರ್ಬೇಕು.”

“ಹಂಗಾರ ಒಲಿ ತಗಿ.”

ಊರಿಗೆ ಇಳಿದವರೆಲ್ಲ ಹಾಯ್ದು ಹೋಗುವ ಜಾಗ, ದಿನವಿಡೀ ಗೋಡೆಯ ನೆರಳು. ಆಯಿತು ಎಂದು ಒಂದು ಮಾತು ಅಂದಿದ್ದರೆ ಅಷ್ಟೂ ಉಳಿಯುತ್ತಿತ್ತು. ಆ ಮಾತು ಆಕೆಯ ಬಾಯಿಗೆ ಬರಲಿಲ್ಲ. ಬಾಣಲೆಯಲ್ಲಿದ್ದುದನ್ನು ಕರಿದು ಮುಗಿಸಿ, ಬೆಂಕಿಗೆ ನೀರು ಚಿಮುಕಿಸಿ, ಎಣ್ಣೆ ಆರುವವರೆಗೆ ಅಲ್ಲೇ ಕೂತಳು. ಹಾಲೇಶಪ್ಪ ನಿಂತೇ ಇದ್ದ. ಆಮೇಲೆ ಒಲೆಯ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ರಸ್ತೆ ದಾಟಿದಳು. ಆಚೆ ನಿಲ್ದಾಣದ ಬದಿಯ ಬಯಲಲ್ಲಿ, ಸುಡುವ ಬಿಸಿಲಲ್ಲಿ, ಹೋಟೆಲಿನ ಬಾಗಿಲಿಗೆ ನೇರ ಎದುರಾಗಿ ಒಲೆ ಹೂಡಿದಳು. “ಹತ್ತಿಕಾಳ ಎಣ್ಣಿ ಮಿರ್ಚಿ, ಬರ್ರಿ” ಎಂದು ಬಸ್ಸಿನೊಳಗಿದ್ದವರಿಗೂ ಕೇಳುವಂತೆ ಕೂಗಿದಳು. ಅಲ್ಲಿಯವರೆಗೆ ಆಕೆ ಎಂದೂ ಕೂಗಿ ಮಾರಿದವಳಲ್ಲ.

ಸಂಜೆಯವರೆಗೆ ಬಂದವರು ನಾಲ್ಕೈದು ಜನ.

ಹೊತ್ತು ಇಳಿಯುವಾಗ ಹೋಟೆಲಿನಿಂದ ಸುಂಕಪ್ಪ ಹೊರಬಂದ. ಹಾಲೇಶಪ್ಪನ ಬಾಣಲೆಯ ಮುಂದೆ ದಿನವಿಡೀ ನಿಂತು ಕರಿಯುವವನು ಅವನೇ. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದು ನಿಂತ. ಹುಲುಗಮ್ಮ ಎಲ್ಲರಿಗೂ ಹೇಳುವ ಮಾತನ್ನು ಹೇಳಲು ಬಾಯಿ ತೆರೆದಳು.

“ಗೊತ್ತೈತಿ, ಕೊಡಕ್ಕ” ಎಂದ.

ಹಾಳೆಯ ಮೇಲೆ ಹಾಕಿಕೊಟ್ಟ ಮಿರ್ಚಿಯನ್ನು, ಹೋಟೆಲಿನ ಕಡೆಗೇ ಮುಖ ಮಾಡಿ ನಿಂತು, ಊದಿ ಊದಿ ತಿನ್ನತೊಡಗಿದ.