ತಗಡಿನ ಆ ಕಡೆ

ನಾನೂ ತಮ್ಮನೂ ಗ್ಯಾರೇಜಿನಲ್ಲಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದೆವು. ತಗಡು ಜೋಡಿಸುವ ಗಟ್ಟಿ ರಿವೆಟ್ ಮೊಳೆ ಕೂರಿಸಲು ಇಬ್ಬರು ಬೇಕು. ನಾನು ಈ ಕಡೆಯಿಂದ ರಿವೆಟ್ ಗನ್ನಿನಲ್ಲಿ ಹೊಡೆಯುವಾಗ ಅವನು ತಗಡಿನ ಹಿಂದೆ ಉಕ್ಕಿನ ತುಂಡನ್ನು ಒತ್ತಿ ಹಿಡಿಯುತ್ತಿದ್ದ. ರಿವೆಟ್ ಸರಿಯಾಗಿ ಕೂತರೆ ಆ ಕಡೆಯಿಂದ ಒಂದು ಸಲ ತಟ್ಟುತ್ತಿದ್ದ, ಕೆಟ್ಟರೆ ಎರಡು ಸಲ.

ಬಾಲದ ಕೆಲಸ ಮುಗಿದ ದಿನ ಅವನೆಂದ, "ಅಣ್ಣಾ, ರೆಕ್ಕೆಗೆ ಪಾಪ್ ರಿವೆಟ್ ಹಾಕೋಣ. ನಕ್ಷೇಲಿ ಎರಡೂ ನಡೆಯುತ್ತೆ ಅಂತಿದೆ. ಈ ಕಡೆಯಿಂದ ಒಬ್ಬರೇ ಹಾಕಬಹುದು. ನನ್ನ ರಟ್ಟೆ ಸೋತುಹೋಗಿದೆ."

"ಅದು ಡಬ್ಬಕ್ಕೆ ಹೊಡೆಯೋದು. ಕೈಲಾಗದಿದ್ರೆ ಮನೆಗೆ ಹೋಗು" ಎಂದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

ಅವನು ಉಕ್ಕಿನ ತುಂಡನ್ನು ಒರೆಸಿ ಬೆಂಚಿನ ಮೇಲಿಟ್ಟು ಹೋದ. ಏಳು ತಿಂಗಳಾಯಿತು. ನಾನಾಗಿ ಫೋನ್ ಮಾಡಲು ಬಿಗುಮಾನ ಬಿಡಲಿಲ್ಲ.

ಇವತ್ತು ರೆಕ್ಕೆಯ ಸಾಮಾನು ತರಲು ಹೋದಾಗ ಅಂಗಡಿಯವನು, "ಯಾವ ರಿವೆಟ್ ಕೊಡಲಿ?" ಎಂದು ಕೇಳಿದ.

"ಒಬ್ಬರೇ ಹಾಕೋದು ಕೊಡಿ" ಎಂದೆ.

ಗ್ಯಾರೇಜಿಗೆ ಬಂದು ರೆಕ್ಕೆಗೆ ಹಾಕಿದ ಮೊದಲನೆಯದು ಟಕ್ಕೆಂದು ಕೂತಿತು. ಚೆನ್ನಾಗಿಯೇ ಕೂತಿತ್ತು. ಆದರೂ ಎರಡನೆಯದನ್ನು ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ರೆಕ್ಕೆಯನ್ನು ಸುತ್ತುಹಾಕಿ ಆ ಕಡೆಗೆ ಹೋಗಿ, ನಾನೇ ಒಂದು ಸಲ ತಟ್ಟಿದೆ.