ಅಲ್ಲಾಡಿದವರ ಮುಖ

ನನ್ನ ತಮ್ಮ ಬದುಕಿರುವವರ ಚಿತ್ರ ಬರೆದವನಲ್ಲ. ರದ್ದಿ ಅಂಗಡಿಗಳಲ್ಲಿ ಹಳೆಯ ಗುಂಪು ಫೋಟೋಗಳನ್ನು ಹೆಕ್ಕಿ ತಂದು, ಅವುಗಳ ಮೇಲೆ ಪೆನ್ಸಿಲಿನಿಂದ ಚೌಕ ಎಳೆದು, ಒಂದೊಂದೇ ಚೌಕವನ್ನು ಗೋಡೆಯಗಲದ ಕ್ಯಾನ್ವಾಸಿಗೆ ಏರಿಸುತ್ತಾನೆ. ಮೂವತ್ತು ವರ್ಷದಿಂದ ಇದೇ ಕಸುಬು. ಮೊದಲ ಹತ್ತು ವರ್ಷ ಯಾರೂ ಮೂಸಿ ನೋಡಲಿಲ್ಲ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ತಂದದ್ದರಲ್ಲಿ ಇಬ್ಬರೂ ಉಂಡೆವು. ಚೌಕಗಳನ್ನೂ ನಾನೇ ಎಳೆದುಕೊಡುತ್ತಿದ್ದೆ. ಅವನ ಗೆರೆ ಯಾವತ್ತೂ ನೆಟ್ಟಗಿರಲಿಲ್ಲ.

ಅವನಿಗೆ ಹೆಸರು ತಂದದ್ದು ಅಲ್ಲಾಡಿದವರು. ಆ ಕಾಲದ ಕ್ಯಾಮೆರಾದ ಮುಂದೆ ಕೆಲವು ಕ್ಷಣ ಕಲ್ಲಿನಂತೆ ನಿಲ್ಲಬೇಕಿತ್ತು. ಅಲ್ಲಾಡಿದವರ ಮುಖ ಹೊಗೆಯಂತೆ ಕಲಸಿಹೋಗುತ್ತಿತ್ತು. ನನ್ನ ತಮ್ಮ ಅಂಥವರಿಗೆ ಮುಖ ಕೊಟ್ಟ. ಉಳಿದವರೆಲ್ಲ ಬೂದು ಬಣ್ಣದಲ್ಲಿ. ಅವರೊಬ್ಬರು ಮಾತ್ರ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ. 'ಚರಿತ್ರೆ ಮರೆತವರಿಗೆ ಮುಖ ಕೊಟ್ಟ ಕಲಾವಿದ' ಎಂದು ಪತ್ರಿಕೆಗಳು ಹೊಗಳಿದವು. ಕೊಟ್ಟ ಮುಖ ಯಾರದು ಎಂದು ಯಾರೂ ಕೇಳಲಿಲ್ಲ. ಹೆಂಗಸರಿಗೆಲ್ಲ ಅವನು ನನ್ನ ಮುಖವನ್ನೇ ಇಟ್ಟಿದ್ದ. ಮೂಗು ತುಸು ತಿದ್ದುತ್ತಿದ್ದ, ಗಲ್ಲ ಇಳಿಸುತ್ತಿದ್ದ, ಅಷ್ಟೇ. ಮದುವೆಯ ಫೋಟೋ ಕೂಡ ಇಲ್ಲದ ನಾನು ಹನ್ನೊಂದು ಚಿತ್ರಗಳಲ್ಲಿದ್ದೇನೆ. ಅದು ನನಗೆ ಒಳಗೊಳಗೇ ಹೆಮ್ಮೆ.

ಅವುಗಳಲ್ಲಿ ದೊಡ್ಡದು ನೇಯ್ಗೆ ಗಿರಣಿಯ ಕೆಲಸಗಾರರದು. ಯಾರು ಕೇಳಿದರೂ ಅವನು ಅದನ್ನು ಮಾರಿರಲಿಲ್ಲ. ಈಚೆಗೆ ಅವನ ಅಷ್ಟೂ ವರ್ಷಗಳ ಕೆಲಸವನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟಾಗ, ತೊಂಬತ್ತರ ಹತ್ತಿರದ ಹಿರಿಯರೊಬ್ಬರು ಅದರ ಮುಂದೆ ಬಂದು ನಿಂತವರು ಅಲ್ಲಿಂದ ಕದಲಲೇ ಇಲ್ಲ. ಕೊನೆಗೆ ನಾವಿಬ್ಬರೂ ಹತ್ತಿರ ಹೋದೆವು.

"ಇವಳು ನಮ್ಮಮ್ಮ. ಹಿಂದೆ ನಿಂತಿರೋರು ನಮ್ಮಪ್ಪ," ಎಂದರು, ಕಂಕುಳಲ್ಲಿ ಕೂಸಿದ್ದ ಹೆಂಗಸನ್ನು ತೋರಿಸಿ. "ಈ ಫೋಟೋ ನಮ್ಮನೇಲೂ ಇದೆ. ಅಮ್ಮಂದು ಅಂತ ಇರೋದು ಇದೊಂದೇ. ಇದು ತೆಗೆದ ವರ್ಷಾನೇ ತೀರಿಕೊಂಡ್ಲು. ಈ ಮುಖ ನಿಮಗೆಲ್ಲಿ ಸಿಕ್ತು? ಬೇರೆ ಫೋಟೋ ಇದ್ಯಾ?"

"ಅದು ಸ್ವಲ್ಪ ಹುಡುಕಾಟ, ಸ್ವಲ್ಪ ಊಹೆ..." ಎಂದು ತಮ್ಮ ಅಡ್ಡಗೋಡೆಯ ಮೇಲೆ ದೀಪವಿಟ್ಟ.

ಹೌದು ಅಂದುಬಿಟ್ಟಿದ್ದರೆ ಅವರಿಗೆ ಅಮ್ಮ ಸಿಗುತ್ತಿದ್ದಳು, ನನ್ನ ಮುಖವೂ ಉಳಿಯುತ್ತಿತ್ತು. ಸುಳ್ಳು ಹೇಳಲು ನನಗೂ ಆಸೆಯಾಯಿತು. ಆದರೆ ಅವರು ಚಿತ್ರದಲ್ಲಿದ್ದ ನನ್ನ ಗಲ್ಲವನ್ನು ನೋಡುತ್ತ ಕಣ್ಣೊರೆಸಿಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ.

"ಅದು ನನ್ನ ಮುಖ ಯಜಮಾನ್ರೇ. ಇಪ್ಪತ್ತು ವರ್ಷದ ಹಿಂದಿಂದು," ಎಂದೆ.

ಅವರು ನನ್ನನ್ನು ನೋಡಿದರು, ಚಿತ್ರವನ್ನು ನೋಡಿದರು. ಸಿಟ್ಟಾಗಲಿಲ್ಲ.

"ಹಾಗಾದ್ರೆ ಅವಳನ್ನ ಅಳಿಸಿಬಿಟ್ಯಲ್ಲಪ್ಪ," ಎಂದು ತಮ್ಮನಿಗೆ ಹೇಳಿದರು. "ಎಲ್ಲಾರೂ ಅಲ್ಲಾಡದೆ ನಿಂತಿದ್ರಂತೆ. ಕಂಕುಳಲ್ಲಿದ್ದ ನಾನು ಅತ್ತೆನಂತೆ. ಅವಳು ನನ್ನ ಕಡೆ ತಿರುಗಿದಳಂತೆ. ಅಪ್ಪ ಹೇಳಿದ್ದು. ಅವಳ ವಿಷಯ ನನಗೆ ಗೊತ್ತಿರೋದೇ ಅಷ್ಟು."

ಪ್ರದರ್ಶನ ಮುಗಿದ ಮಾರನೆಯ ದಿನವೇ ತಮ್ಮ ಆ ಕ್ಯಾನ್ವಾಸನ್ನು ಮನೆಯ ಹಜಾರಕ್ಕೆ ತರಿಸಿದ. ಹೆಸರು ತಂದುಕೊಟ್ಟ ಚಿತ್ರವನ್ನು ಕೆಡಿಸಿ, ಆ ಮುಖವನ್ನು ಮತ್ತೆ ಮಸುಕು ಮಾಡಲು ಹೊರಟಿದ್ದ. ನನಗೆ ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡಲೂ ಇಲ್ಲ.

"ಇನ್ನೂ ಹತ್ತರಲ್ಲಿ ಇದೀಯಲ್ಲ ಅಕ್ಕ," ಎಂದ.

"ಬಾಯಿ ಮುಚ್ಕೊಂಡು ಬಣ್ಣ ಕಲಸು," ಎಂದೆ.

ಆದರೆ ಮೂವತ್ತು ವರ್ಷ ರೆಪ್ಪೆಗೂದಲು ಬರೆದ ಕೈಗೆ ಮಸುಕು ಬರಲೊಲ್ಲದು. ಎಷ್ಟು ತೀಡಿದರೂ ಕಣ್ಣೋ ತುಟಿಯೋ ಇಣುಕಿಬಿಡುತ್ತಿತ್ತು. ಕೊನೆಗೆ ನನ್ನ ಕಂಕುಳಿಗೆ ಒಂದು ದಿಂಬು ಕೊಟ್ಟು, ಅದರ ಕಡೆ ತಿರುಗು ಎಂದ. ತಿರುಗಿದೆ. ಇನ್ನೊಮ್ಮೆ ಎಂದ. ಹೀಗೆ ಮೂರು ವಾರ. ಅರವತ್ತೆರಡನೆಯ ವಯಸ್ಸಿನಲ್ಲಿ ದಿಂಬನ್ನು ಸಮಾಧಾನ ಮಾಡಿ ಮಾಡಿ ನನ್ನ ಕತ್ತು ಹಿಡಿದುಕೊಂಡಿತು. ನನ್ನ ಮುಖ ದಿನಕ್ಕಿಷ್ಟು ಬಣ್ಣದ ಅಡಿಗೆ ಹೋಯಿತು.

ಮುಗಿದ ಮೇಲೆ ಆ ಹಿರಿಯರನ್ನು ಮನೆಗೆ ಕರೆದೆವು. ಕುರ್ಚಿಯನ್ನು ಕ್ಯಾನ್ವಾಸಿನ ಹತ್ತಿರಕ್ಕೆ ಎಳೆಸಿಕೊಂಡು ಕೂತು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೈಯಲ್ಲಿದ್ದ ಬಣ್ಣದ ಬಟ್ಟೆಯನ್ನು ಹಿಂಡುತ್ತ ನನ್ನ ತಮ್ಮ ನಿಂತಿದ್ದ.

"ಎಷ್ಟು ಅಲ್ಲಾಡಿದಾಳೆ ನೋಡಿ," ಎಂದರು ಅವರು. "ನಾನು ಜೋರಾಗೇ ಅತ್ತಿರಬೇಕು."