ಕ್ಷಾರದಲ್ಲಿ ಎಂಟು ನಿಮಿಷ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟ್ ಹೀಗಿತ್ತು: ‘ಚನ್ನರಾಯನದುರ್ಗದ ಬೆಟ್ಟದ ಬುಡದ ಗುಡಿಸಲಲ್ಲಿ, ಬುಡ್ಡಿ ದೀಪದ ಬೆಳಕಲ್ಲಿ ಓದಿ ಬೆಳೆದ ಯಶೋಧರಾ...’

“ಯಾವ ಗುಡಿಸ್ಲು ಸಾರ್?” ಎಂದಳು ಅದನ್ನೋದಿದ ಯಶೋಧರಾ. “ನಮ್ದು ತಾರಸಿ ಮನೆ. ಅಪ್ಪ ಮೇಷ್ಟ್ರು. ಗೋಡೆ ಮೇಲೆ ಬುದ್ಧನ ಫೋಟೊ ಐತೆ, ಪಕ್ಕದಲ್ಲೇ ಟ್ಯೂಬ್‌ಲೈಟೂ ಐತೆ. ನಮ್ಮಂಥೋರ ಬಗ್ಗೆ ಬರೆಯೋಕೆ ಕೂತ್ರೆ ನಿಮ್ಮ ಪೆನ್ನಿನ ಕರೆಂಟ್ ಹೋಗ್ಬುಡುತ್ತಾ?”

(ಹರಿದುಹಾಕಿದೆ. ಬೈಸಿಕೊಂಡ ಲೇಖಕನಿಗೆ ಬೇರೆ ದಾರಿಯೇನಿದೆ.)

೧, ಮತ್ತೊಮ್ಮೆ

ಯಶೋಧರಾ ಪಿಎಚ್‌.ಡಿ. ಮಾಡುತ್ತಿರುವುದು ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ. ಮೈಯೊಳಗೆ ನಿಧಾನವಾಗಿ ತಾನೇ ಕರಗಿಹೋಗುವ ಪ್ಲಾಸ್ಟಿಕ್ ಅದು. ಅದರ ಮೇಲೆ ಚರ್ಮದ ಜೀವಕೋಶಗಳನ್ನು ಬೆಳೆಸಿ ಸುಟ್ಟ ಗಾಯಕ್ಕೆ ಹಾಸಿದರೆ, ಹಾಳೆ ಕರಗುವ ಹೊತ್ತಿಗೆ ಹೊಸ ಚರ್ಮ ಬಂದಿರಬೇಕು ಎಂಬುದು ಆಸೆ. ಆದರೆ ಆ ಹಾಳೆಗೆ ನೀರೆಂದರೆ ಆಗದು. ಕೆಸುವಿನೆಲೆಯ ಮೇಲಿನ ಹನಿಯಂತೆ ಜೀವಕೋಶಗಳು ನೆಲೆ ನಿಲ್ಲದೆ ಜಾರಿಹೋಗುತ್ತಿದ್ದವು. ಹಾಳೆಯ ಮೈಯನ್ನು ಒಲಿಸಿಕೊಳ್ಳಲು ಅವಳು ಮೂರು ವರ್ಷ ಹೆಣಗಿದಳು. ಮೊದಲು ಕ್ಷಾರದ ನೀರಿನಲ್ಲಿ ಅದ್ದಬೇಕು, ಆಮೇಲೆ ರೇಷ್ಮೆಗೂಡು ಬೇಯಿಸಿದ ನೀರಿನ ಅಂಟನ್ನು ಸವರಬೇಕು. ಆ ನೀರನ್ನು ಶಿರಾದ ಒಂದು ನೂಲು ಬಿಚ್ಚುವ ಘಟಕದಿಂದ ಅವಳೇ ಕ್ಯಾನಿನಲ್ಲಿ ಹೊತ್ತು ತರುತ್ತಿದ್ದಳು, ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡವರ ನಡುವೆ.

ಕ್ಷಾರದಲ್ಲಿ ಎಷ್ಟು ಹೊತ್ತು? ಎಂಟು ನಿಮಿಷ. ಮೂವತ್ತು ನಿಮಿಷ ಬಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ನೂರಾರು ಹಾಳೆ ಹಾಳು ಮಾಡಿಕೊಂಡು ಕಂಡುಕೊಂಡ ಎಂಟು ಅದು.

೩

(೨ರಲ್ಲಿ ಪ್ರೇಮಪ್ರಸಂಗ ಇತ್ತು. “ಅಂಥದ್ದೇನೂ ಇರ್ಲಿಲ್ಲ” ಎಂದು ಗದರಿದಳು. ತೆಗೆದೆ.)

ಕಳೆದ ಮಾರ್ಚಿನಲ್ಲಿ ಈ ಕೆಲಸ ವಿದೇಶದ ಜರ್ನಲ್ಲೊಂದರಲ್ಲಿ ಅಚ್ಚಾಯಿತು. ಲೇಖಕರು ಇಬ್ಬರು: ಅವಳ ಗೈಡ್ ಡಾ. ಚಂದ್ರಶೇಖರ್, ಮತ್ತು ಅವರ ಅಕ್ಕನ ಮಗ ಅನಿಲ್ ಕುಮಾರ್. ಅನಿಲ್ ಕುಮಾರ್ ಲ್ಯಾಬಿಗೆ ಬಂದದ್ದು ಎರಡು ಸಲ, ಅದರಲ್ಲೊಮ್ಮೆ ಫೋನ್ ಚಾರ್ಜ್ ಮಾಡಿಕೊಳ್ಳಲು. ಯಶೋಧರಾಳ ಹೆಸರು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿತ್ತು, ‘ತಾಂತ್ರಿಕ ನೆರವಿಗೆ ಕೃತಜ್ಞತೆಗಳು’ ಎಂಬ ಸಾಲಿನಲ್ಲಿ.

ಕೇಳಲು ಹೋದಳು. ಚಂದ್ರಶೇಖರ್ ನಗುತ್ತಲೇ ಹೇಳಿದರು: “ನಿಮ್ಮ ಕಡೆಯಿಂದ ಇಲ್ಲೀತನಕ ಬಂದಿರೋದೇ ದೊಡ್ಡದಲ್ವೇನಮ್ಮ? ಥೀಸಿಸ್‌ಗೆ ನಾನು ಸಹಿ ಮಾಡ್ಬೇಕು ತಾನೆ?”

(‘ನಿಮ್ಮ ಕಡೆ’ ಎಂದರೆ ಯಾವ ಕಡೆ? ಓದುಗರೇ, ನಿಮಗೆ ಗೊತ್ತು. ಗೊತ್ತಿಲ್ಲದವರಂತೆ ಪುಟ ತಿರುಗಿಸಬೇಡಿ.)

೪

ಚಂದ್ರಶೇಖರ್ ಮೂಲತಃ ಮಧುಗಿರಿಯವರು. ಅಲ್ಲಿನ ಒಂದು ಕಾಲೇಜು ಅವರಿಗೆ ಸನ್ಮಾನ ಇಟ್ಟುಕೊಂಡಿತು. ಯಶೋಧರಾ ತನ್ನ ಅಪ್ಪ ದೇವರಾಜು ಅವರ ಜೊತೆ ಹೋದಳು. ಬಸ್ಸಿಳಿಯುವಾಗ ಅಪ್ಪ ಹೇಳಿದರು: “ಸೈನ್ ಬೀಳೋಗಂಟ ಬಾಯ್ ಮುಚ್ಕೊಂಡಿರು ಕಣಮ್ಮ. ಆಮೇಲೆ ಏನ್ ಬೇಕಾದ್ರೂ ಕೇಳೀಯಂತೆ.”

ಶಾಲು, ಪೇಟ, ಹಣ್ಣಿನ ಬುಟ್ಟಿ ಆದವು. ಶಿರಾದ ರೇಷ್ಮೆ ನೀರು ಕಂಡು ತಮಗೆ ಹೇಗೆ ಐಡಿಯಾ ಹೊಳೆಯಿತೆಂದು ಚಂದ್ರಶೇಖರ್ ಬಣ್ಣಿಸಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದರು. ಯಶೋಧರಾ ಎದ್ದಳು. ಅಪ್ಪ ಕೈ ಹಿಡಿದು ಜಗ್ಗಿದರು, ಬಿಡಿಸಿಕೊಂಡಳು.

“ಸಾರ್, ಹಾಳೆನ ಕ್ಷಾರದಲ್ಲಿ ಎಷ್ಟು ನಿಮಿಷ ಇಡ್ಬೇಕು?”

“ಪೇಪರ್‌ನಲ್ಲೇ ಇದೆಯಲ್ಲಮ್ಮ. ಥರ್ಟಿ ಮಿನಿಟ್ಸ್.”

“ಮೂವತ್ತಕ್ಕೆ ಪುಡಿಯಾಗುತ್ತೆ ಸಾರ್. ಅದು ನನ್ನ ಮೊದಲ ವರ್ಷದ ನೋಟ್ಸಿನ ತಪ್ಪು. ಆಮೇಲೆ ಎಂಟು ಅಂತ ತಿದ್ದಿದ್ದೀನಿ. ತಿದ್ದಿದ ಪುಟ ನೋಡ್ದೇ ಕಾಪಿ ಮಾಡಿದ್ದೀರ.”

“ಅಂಥ ಡೀಟೇಲ್ಸ್ ಎಲ್ಲ ಸ್ಟೂಡೆಂಟ್ಸ್ ನೋಡ್ಕೋತಾರೆ.”

“ಯಾವ ಸ್ಟೂಡೆಂಟ್ ಸಾರ್? ಹೆಸರು ಹೇಳಿ.”

ಪ್ರಿನ್ಸಿಪಾಲರು ಮೈಕು ಎಳೆದುಕೊಂಡು ವಂದನಾರ್ಪಣೆ ಎಂದುಬಿಟ್ಟರು. (ಇಲ್ಲಿ ಅವಳಿಗೆ ಚಪ್ಪಾಳೆ ಹೊಡೆಸಬೇಕೆಂದಿದ್ದೆ. ಯಾರೂ ಹೊಡೆಯಲಿಲ್ಲ. ಊಟಕ್ಕೆ ಎದ್ದರು.)

೫

ಊರಿಗೆ ಮರಳುವ ಕೊರಟಗೆರೆ ಬಸ್ಸಿನಲ್ಲಿ ಅಪ್ಪ ಎರಡು ಸೀಟು ಮುಂದೆ ಹೋಗಿ ಕೂತರು. ಐದು ವರ್ಷದ ಓದನ್ನು ಒಂದು ಪ್ರಶ್ನೆಯಲ್ಲಿ ಕೆಡಿಸಿಕೊಂಡೆನೇ ಎಂದು ಯಶೋಧರಾ ಕಿಟಕಿಗೆ ತಲೆ ಆನಿಸಿದಳು. ಅರ್ಧ ದಾರಿ ಕಳೆದ ಮೇಲೆ ಅಪ್ಪನೇ ಎದ್ದು ಬಂದು ಪಕ್ಕದಲ್ಲಿ ಕೂತರು.

“ಆ ನೋಟ್‌ಬುಕ್ ಎಲ್ಲೈತೆ?”

“ಮನೇಲೈತಪ್ಪ.”

“ತಾರೀಕು ಹಾಕಿದೀಯಾ?”

“ಎಲ್ಲಾ ಪುಟಕ್ಕೂ.”

“ಅಂಗಾದ್ರೆ ಆ ಜರ್ನಲ್‌ನೋರಿಗೆ ಬರಿ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಾಪಿ ಹೊಡೀಬ್ಯಾಡ್ರಿ ಅಂತ ಹೇಳ್ಕೊಟ್ಟು, ನಿಂಗೆ ಸುಮ್ಕಿರು ಅಂದ್ಬುಟ್ಟೆನಲ್ಲ.”

ಮರುದಿನವೇ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿದಳು. ವಾರದಲ್ಲಿ ಚಂದ್ರಶೇಖರ್ ಕರೆಸಿದರು: ದೂರು ವಾಪಸ್ ಪಡೆದರೆ ಸಹಿ. “ತಗೊಳಲ್ಲ ಸಾರ್” ಎಂದಳು.

೬

ಮೂರು ಅಂತ್ಯ ಬರೆದಿಟ್ಟಿದ್ದೆ. ಒಂದರಲ್ಲಿ ಜರ್ನಲ್ ಕ್ಷಮೆ ಕೇಳುತ್ತದೆ. ಇನ್ನೊಂದರಲ್ಲಿ ಅವಳು ಎಲ್ಲ ಬಿಟ್ಟು ಮಧುಗಿರಿಯಲ್ಲಿ ಟ್ಯೂಷನ್ ಹೇಳುತ್ತಾಳೆ. ಮೂರನೆಯದರಲ್ಲಿ ಚಂದ್ರಶೇಖರರಿಗೆ ಪಶ್ಚಾತ್ತಾಪವಾಗುತ್ತದೆ. (ಇದನ್ನೋದಿ ಅವಳು ನಕ್ಕಿದ್ದು ಅಷ್ಟಿಷ್ಟಲ್ಲ.)

ನಗು ನಿಂತ ಮೇಲೆ ಹೇಳಿದಳು: “ಆಗದೇ ಇರೋದನ್ನ ಆಯ್ತು ಅಂತ ಬರೆದ್ರೆ ನೀವೂ ಅವರ ಥರಾನೇ ಸಾರ್.”

ಹಾಗಾಗಿ ಆದದ್ದಷ್ಟೇ ಹೇಳುತ್ತೇನೆ. ಜರ್ನಲ್ಲಿನಿಂದ ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲು ಬಂದಿದೆ. ಥೀಸಿಸ್ ಏಳು ತಿಂಗಳಿಂದ ಚಂದ್ರಶೇಖರರ ಮೇಜಿನ ಮೇಲಿದೆ. ಪ್ರತಿ ಸೋಮವಾರ ಅವಳು ಹೋಗಿ ಅದರ ಧೂಳು ಒರೆಸಿ ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ. ಅವರು ಫೈಲು ನೋಡುತ್ತಾರೆ, ಅವಳು ಅವರನ್ನು ನೋಡುತ್ತಾಳೆ. ಇವತ್ತೂ ಸೋಮವಾರ. ಇಲ್ಲಿ ನಾನೊಂದು ಪೂರ್ಣವಿರಾಮ ಇಟ್ಟರೆ ಅವರಿಗೆ ಎದ್ದುಹೋಗಲು ಸಲೀಸು, ಅದಕ್ಕೇ ಇಡುತ್ತಿಲ್ಲ, ಅವಳಿನ್ನೂ ಕೂತಿದ್ದಾಳೆ